ಆ್ಯಸಿಡ್ಡಿನ ತಳದ ಪುಡಿ

ಬಟ್ಟಲಲ್ಲಿದ್ದ ವಜ್ರದ ಪುಡಿ ಮತ್ತೆ ಕಡಿಮೆಯಾಗಿತ್ತು. ರಾವಸಾಹೇಬ ಬೆಳಕಿಗೆ ಹಿಡಿದು ನೋಡಿದ. ಬೂದುಬಣ್ಣದ ನುಣ್ಣನೆಯ ಮರಳು. ಗೊತ್ತಿಲ್ಲದವರು ಕಸವೆಂದು ಗುಡಿಸಿಬಿಟ್ಟಾರು.

ಕೊಗನೊಳ್ಳಿಯ ಹೆದ್ದಾರಿಯ ಪಕ್ಕ ಅವನ ಮನೆ, ಹಿತ್ತಲಲ್ಲಿ ಶೆಡ್ಡು. ಗ್ರಾನೈಟ್ ಕೊಯ್ದು ಸವೆದ ವಜ್ರದ ಬ್ಲೇಡುಗಳನ್ನು ಗುಜರಿಯಿಂದ ತಂದು ಆ್ಯಸಿಡ್ಡಿನಲ್ಲಿ ಮುಳುಗಿಸುತ್ತಿದ್ದ. ಲೋಹ ಕರಗಿ, ಪುಡಿ ತಳದಲ್ಲಿ ಉಳಿಯುತ್ತಿತ್ತು. ಕೊಲ್ಹಾಪುರದಲ್ಲಿ ಹೊಸ ಬ್ಲೇಡು ಮಾಡುವವರು ಅದನ್ನು ಕೊಳ್ಳುತ್ತಿದ್ದರು.

ಪುಡಿ ತೊಳೆಯುವವಳು ಜನಾಬಾಯಿ. ಅವಳ ಮೇಲೆಯೇ ಅವನ ಕಣ್ಣು.

"ಸೆರಗಿನ ಗಂಟ ಬಿಚ್ಚಬೇ."

ಗಂಟಿನಲ್ಲಿ ಇದ್ದದ್ದು ಚೂರು ತಂಬಾಕು.

"ನಾ ಮುಟ್ಟಿಲ್ರಿ ಸಾವಕಾರ್ರ. ಹೊಟ್ಟ್ಯಾಗ ಹೋದ್ರ ಕರಳ ಹರಿತೈತಿ ಅಂತ ನೀವ ಹೆದರ್ಸೀರಿ. ಕೈ ತೊಳಕೊಳ್ದ ತಂಬಾಕ ಸೈತ ಹಾಕ್ಕೊಳ್ಳಾಂಗಿಲ್ರಿ ನಾ."

"ನಾಳಿಂದ ಬರಬ್ಯಾಡ."

ಮೊದಲು ಆ ಶೆಡ್ಡು ನೋಡಿಕೊಳ್ಳುತ್ತಿದ್ದವನು ದಾದಾಸಾಹೇಬ, ರಾವಸಾಹೇಬನ ಹೆಂಡತಿ ಸೋನಾಬಾಯಿಯ ತಮ್ಮ. ಹೋದ ಮಳೆಗಾಲ ಆ್ಯಸಿಡ್ಡಿನ ಹೊಗೆಗೆ ಉಸಿರುಗಟ್ಟಿ ಒಳಗೇ ಸತ್ತ. ಹೊಗೆ ಕಂಡರೆ ಊರವರು ತಕರಾರು ತೆಗೆದಾರೆಂದು ಹೊರಗಿನಿಂದ ಚಿಲಕ ಹಾಕಿದ್ದವನು ರಾವಸಾಹೇಬನೇ. ಎದೆನೋವಿನಿಂದ ಸತ್ತನೆಂದು ಎಲ್ಲರಿಗೂ ಹೇಳಿದ. ಸೋನಾಬಾಯಿ ಆ ಚಿಲಕವನ್ನೊಮ್ಮೆ ನೋಡಿದಳು.

ಆಮೇಲೆ ಗಂಡನನ್ನು ಇನ್ನಷ್ಟು ಜೋಪಾನ ಮಾಡಿದಳು. ಎಂದೂ ತಂಗಳು ಬಡಿಸಲಿಲ್ಲ. ಅವನಿಗೆ ಹೊಟ್ಟೆ ಕೊರೆಯತೊಡಗಿದಾಗ ತಾನೇ ನಿಪ್ಪಾಣಿಯ ಡಾಕ್ಟರರಲ್ಲಿಗೆ ಕರೆದೊಯ್ದಳು. "ಖಾರ ಬಿಡಸ್ರಿ" ಅಂದರು ಅವರು. ಬಿಡಿಸಿದಳು.

ಜನಾಬಾಯಿ ಹೋದ ಮೇಲೂ ಪುಡಿ ಕಡಿಮೆಯಾಗುತ್ತಲೇ ಇತ್ತು.

ಒಂದು ಮುಂಜಾನೆ ರಾವಸಾಹೇಬ, "ಚಿಕ್ಕೋಡಿಗೆ ಹೋಗಿ ಊಟಕ್ಕ ಬರ್ತೀನಿ" ಎಂದು ಹೊರಟವನು, ಹಿತ್ತಲಿನಿಂದ ಮರಳಿ ಶೆಡ್ಡಿನ ಡ್ರಮ್ಮುಗಳ ಹಿಂದೆ ಅಡಗಿ ಕುಳಿತ. ಬಾಗಿಲು ಸರಿಯಿತು. ಬಂದವಳು ಸೋನಾಬಾಯಿ! ಚಿಟಿಕೆ ಪುಡಿಯನ್ನು ಕಾಗದದಲ್ಲಿ ಮಡಚಿಕೊಂಡು ಹೋದಳು.

ರಾವಸಾಹೇಬನಿಗೆ ನಗುವೇ ಬಂತು. ಅಂತೂ ಮನೆಯದು ಮನೆಯಲ್ಲೇ ಇದೆ. ತವರಿಗಾಗಿ ಕೂಡಿಡುತ್ತಿದ್ದಾಳೆ, ಪಾಪ; ತಮ್ಮನನ್ನು ಕಳೆದುಕೊಂಡವಳು. ಜನಾಬಾಯಿಯನ್ನು ತಿರುಗಿ ಕರೆಸಬೇಕು ಅಂದುಕೊಂಡ. ಹೆಂಡತಿಯನ್ನು ಹಿಡಿದು ಕಾಡಿಸೋಣವೆಂದು ಬೆಕ್ಕಿನಂತೆ ಹೆಜ್ಜೆಯಿಡುತ್ತ ಅಡಿಗೆಮನೆಯ ಕಿಟಕಿಗೆ ಬಂದು ಇಣುಕಿದ.

ಸೋನಾಬಾಯಿ ತನ್ನ ಪಾಲಿನ ಹಿಟ್ಟನ್ನು ಬೇರೆ ತೆಗೆದಿಟ್ಟು, ಕಾಗದದ ಪುಡಿಯನ್ನೆಲ್ಲ ಉಳಿದ ಹಿಟ್ಟಿಗೆ ಸುರಿದು, ಗಂಡನ ರೊಟ್ಟಿಗೆಂದು ಸಾವಕಾಶವಾಗಿ ನಾದತೊಡಗಿದಳು.