ಚೀಲಕ್ಕೊಂದು ಅರ್ಧ ಟಿಕೆಟ್ಟು

ಬ್ಯಾಂಕಿನ ಇಬ್ಬರು ಒಂದು ಗೋಲುಕಂಬದಿಂದ ಇನ್ನೊಂದಕ್ಕೆ ಟೇಪು ಹಿಡಿದು ಮೈದಾನ ಅಳೆಯುತ್ತಿದ್ದರು. ಹೆಣದ ಅಳತೆ ತೆಗೆಯುವವರ ಹಾಗೆ, ಮಾತಿಲ್ಲದೆ. ಕಾವಲುಗಾರ ಕೀಲಿಗೊಂಚಲನ್ನು ಮುಷ್ಟಿಯಲ್ಲಿ ಬಿಗಿಹಿಡಿದು ನೋಡುತ್ತ ನಿಂತ.

ಫುಟ್‌ಬಾಲ್ ಕ್ಲಬ್ಬು ಸಾಲದಲ್ಲಿ ಮುಳುಗಿತ್ತು. ತೀರಿಸದಿದ್ದರೆ ಮೈದಾನ ಹರಾಜು. ಮೈದಾನ ಹೋದರೆ ಗ್ಯಾಲರಿಯ ಕೆಳಗಿನ ಅವನ ಕೋಣೆಯೂ ಹೋದ ಹಾಗೆ. ಮೆಟ್ಟಿಲುಗಳ ಅಡಿಭಾಗವೇ ಆ ಕೋಣೆಗೆ ಮಾಡು. ಗೋಲು ಬಿದ್ದಾಗಲೆಲ್ಲ ಮಂಚದ ಮೇಲೆ ಸುಣ್ಣದ ಪುಡಿ ಉದುರುತ್ತಿತ್ತು. ಆ ಮಂಚದಿಂದ ಅವನ ಹೆಂಡತಿ ಎದ್ದು ಓಡಾಡಿ ವರ್ಷಗಳೇ ಆಗಿದ್ದವು.

"ಹೊರಗೆ ಹಾಕಿದ್ರೆ ನನ್ನನ್ನ ಎಲ್ಲಿ ಮಲಗಿಸ್ತೀಯ?" ಅಂದಳು ಅವಳು.

"ಕೆಟ್ಟ ಮಾತು ಆಡಬೇಡ. ಅಭಿಮಾನಿಗಳು ಇದ್ದಾರೆ."

"ಕೂಗೋಕೆ ಇದ್ದಾರೆ. ಕೊಡೋಕೆ?"

ಮಲಗಿದಲ್ಲೇ ಕೀಲಿಗಳಿಗೆ ಎಣ್ಣೆ ಹಚ್ಚುವುದು ಅವಳು ತಾನೇ ಹಚ್ಚಿಕೊಂಡ ಕೆಲಸ. ಗೊಂಚಲಿನಲ್ಲಿ ಒಂದನ್ನು ಎತ್ತಿ ಹಿಡಿದಳು. "ಇದಕ್ಕೆ ಬೀಗಾನೇ ಇಲ್ಲ. ಬಿಸಾಕಬಾರದಾ?"

"ಇರಲಿ ಬಿಡು." ಅವನು ಗೊಂಚಲು ಕಿತ್ತುಕೊಂಡ.

ಭಾನುವಾರ ಅಭಿಮಾನಿಗಳ ಸಭೆ. ಕ್ಲಬ್ಬಿನ ಕಾರ್ಯದರ್ಶಿ ಮೈಕು ಹಿಡಿದು ಗ್ಯಾಲರಿಯ ಮೆಟ್ಟಿಲ ಮೇಲೆ ನಿಂತ. ಎಲ್ಲರೂ ಕೈಲಾದಷ್ಟು ಹಾಕಿ ಮೈದಾನ ಬಿಡಿಸಿಕೊಳ್ಳಬೇಕು. ಬಿಡಿಸಿಕೊಂಡದ್ದು ಯಾರಾದರೂ ಒಬ್ಬರ ಹೆಸರಿನಲ್ಲಿ ಇರಬೇಕು, ಬ್ಯಾಂಕಿನವರ ಹಟ ಅದು ಎಂದ. ಕಣ್ಣೊರೆಸಿಕೊಂಡು ಮುಂದುವರಿಸಿದ.

"ನೂಕುನುಗ್ಗಲಲ್ಲಿ ಜನ ಸತ್ತ ಆ ವರ್ಷ ಕೋರ್ಟು ನಮ್ಮನ್ನ ಮುಗಿಸಿಬಿಡ್ತಿತ್ತು. ಗೇಟು ತೆರೆದೇ ಇತ್ತು ಅಂತ ಈ ಕಾವಲುಗಾರ ಇದ್ದದ್ದು ಇದ್ದ ಹಾಗೆ ಹೇಳಿ ಕ್ಲಬ್ಬು ಉಳಿಸಿದ. ಬಡವ ಅವನೇ ಉಳಿಸಿದ ಅಂದಮೇಲೆ ನೀವು ಉಳಿಸಬಾರದಾ?"

ಚಪ್ಪಾಳೆ ಬಿತ್ತು. ಕಾವಲುಗಾರ ತಲೆ ತಗ್ಗಿಸಿದ.

"ಅದೆಲ್ಲ ಸರಿ ಸ್ವಾಮಿ, ಯಾರ ಹೆಸರಲ್ಲಿ?" ಡ್ರಮ್ಮು ಬಡಿಯುವವನು ಎದ್ದು ಕೇಳಿದ. "ನಿಮ್ಮ ಹೆಸರಲ್ಲಾದ್ರೆ ನನ್ನ ಡ್ರಮ್ಮೂ ಹೋಯ್ತು, ಡ್ರಮ್ಮು ಮಾರಿದ ದುಡ್ಡೂ ಹೋಯ್ತು."

ನಗು, ಆಮೇಲೆ ಜಗಳ. ಒಬ್ಬನಿಗೆ ಇನ್ನೊಬ್ಬನ ಮೇಲೆ ನಂಬಿಕೆಯಿಲ್ಲ. ಕೈ ಕೈ ಮಿಲಾಯಿಸುವ ಹೊತ್ತಿಗೆ ಕಾವಲುಗಾರ, ಯಾವತ್ತೂ ಸಭೆಯಲ್ಲಿ ಬಾಯಿ ಬಿಡದವನು, ಬಾಯಿ ಬಿಟ್ಟ.

"ಮುನಿ ಹೆಸರಲ್ಲಿ ಆಗಬಹುದಲ್ವಾ?"

ಎಲ್ಲರೂ ಒಮ್ಮೆಲೇ ಹಿಂತಿರುಗಿ ನೋಡಿದರು. ಮೂರನೆಯ ಗೇಟಿನ ಮೆಟ್ಟಿಲ ಪಕ್ಕದ ಕೊನೆಯ ಆಸನದಲ್ಲಿ ದರ್ಜಿ ಎಂದಿನಂತೆ ಕೂತಿದ್ದ. ವರ್ಷಗಟ್ಟಲೆ ಒಂದು ಪಂದ್ಯವನ್ನೂ ತಪ್ಪಿಸಿಕೊಂಡವನಲ್ಲ. ಕೂಗಿದ್ದಿಲ್ಲ, ಎದ್ದು ನಿಂತದ್ದಿಲ್ಲ. ಗೋಲು ಬಿದ್ದರೂ ಕಣ್ಣು ಮುಚ್ಚಿ ಏನನ್ನೋ ಕೇಳಿಸಿಕೊಳ್ಳುವವನ ಹಾಗೆ ಕೂತಿರುತ್ತಿದ್ದ. ಅದಕ್ಕೇ ಮುನಿ ಎಂದು ಹೆಸರು. ಪ್ರತಿ ಸಲ ಎರಡು ಟಿಕೆಟ್ಟು ಕೊಳ್ಳುತ್ತಿದ್ದ. ತನಗೊಂದು ಪೂರ್ತಿ, ಇನ್ನೊಂದು ಅರ್ಧ. ಪಕ್ಕದ ಆಸನದಲ್ಲಿ ತನ್ನ ಬಟ್ಟೆಚೀಲ ಇಡುತ್ತಿದ್ದ. ಕತ್ತರಿಯೋ ಏನೋ, ಇಟ್ಟ ಕೂಡಲೇ ಠಣ್ಣೆನ್ನುತ್ತಿತ್ತು.

"ಚೀಲಕ್ಕೆ ಮೀಸೆ ಬಂದ ಮೇಲೆ ಪೂರ್ತಿ ಟಿಕೆಟ್ಟಾ, ಮುನಿಗಳೇ?" ಎಂದು ಡ್ರಮ್ಮಿನವನು ಒಮ್ಮೆ ಛೇಡಿಸಿದ್ದ.

"ಬೆಳೆಯಲ್ಲಪ್ಪ ಅದು," ಅಂದಿದ್ದ ದರ್ಜಿ. ಗ್ಯಾಲರಿಯೆಲ್ಲ ಬಿದ್ದು ಬಿದ್ದು ನಕ್ಕಿತ್ತು.

ಮುನಿಯ ಹೆಸರಿಗೆ ಯಾರೂ ಚಕಾರ ಎತ್ತಲಿಲ್ಲ. ಒಪ್ಪಿಸುವ ಹೊಣೆ ಕಾವಲುಗಾರನ ತಲೆಗೆ ಬಂತು.

ಮರುದಿನ ಬೆಳಿಗ್ಗೆ ಅಂಗಡಿಗೆ ಹೋದ. ದರ್ಜಿ ಗುಂಡಿಗೆ ಕಾಜ ಹೊಲಿಯುತ್ತಿದ್ದ.

"ಹರಾಜಾದರೆ ಮೈದಾನವನ್ನ ಏನು ಮಾಡ್ತಾರೆ?" ಕತ್ತು ಎತ್ತದೆ ಕೇಳಿದ.

"ಒಡೆದು ಅಂಗಡಿ ಸಾಲು ಕಟ್ತಾರಂತೆ, ಯಜಮಾನ್ರೇ."

"ಮೂರನೇ ಗೇಟಿನ ಮೆಟ್ಟಿಲು?"

"ಅದೂ ಹೋಗುತ್ತೆ. ಒಂದು ಕಲ್ಲೂ ಉಳಿಯಲ್ಲ."

ಸೂಜಿ ನಿಂತಿತು. "ಹೋಗಬಾರದು," ಅಂದ ದರ್ಜಿ. "ಆ ಜಾಗ ಯಾರ ಪಾಲಿಗೂ ಹೋಗಬಾರದು. ಈ ಅಂಗಡಿ ಮಾರಿಬಿಡ್ತೀನಿ. ನನ್ನ ಹಿಂದೆ ಯಾರಿದ್ದಾರೆ, ಇಟ್ಟುಕೊಂಡು ಏನು ಮಾಡಲಿ?"

ಕಾವಲುಗಾರ ಬಗ್ಗಿ ಅವನ ಕಾಲು ಮುಟ್ಟಿದ. ಅಭಿಮಾನ ಅಂದರೆ ಇದು, ಅಂದುಕೊಂಡ.

"ಕಾಲು ಬಿಡು ಮಾರಾಯ," ಅಂದ ದರ್ಜಿ. "ನನಗೆ ಬೇಕಾಗಿರೋದು ನಿನ್ನ ಕೈ. ಒಂದು ಕೆಲಸ ಇದೆ. ಆಮೇಲೆ ಹೇಳ್ತೀನಿ."

ಮುನಿಯೇ ಅಂಗಡಿ ಮಾರಿದ ಸುದ್ದಿ ಹಬ್ಬಿದ್ದೇ ತಡ, ಜನ ಮುಗಿಬಿದ್ದು ಕೊಟ್ಟರು. ಡ್ರಮ್ಮಿನವನು ತಾಯಿಯ ಬಳೆ ಕೊಟ್ಟ. ಸಾಲ ತೀರಿತು. ಎಲ್ಲ ಕಾಗದಗಳೂ ದರ್ಜಿಯ ಹೆಸರಿಗಾದವು. ಅಂದು ಸಂಜೆ ಮೈದಾನದಲ್ಲಿ ಕುಣಿದ ಕುಣಿತಕ್ಕೆ ಕೋಣೆಯ ಮಂಚವೆಲ್ಲ ಸುಣ್ಣವಾಯಿತು. ಹೆಂಡತಿ ಮುಖ ಒರೆಸಿಕೊಳ್ಳುತ್ತ ನಕ್ಕಳು. "ಅಂತೂ ಸಾಯೋವರೆಗೂ ಈ ಸೂರು ಗಟ್ಟಿ."

ಬೆಳಿಗ್ಗೆ ದರ್ಜಿ ಒಬ್ಬನೇ ಬಂದ. ಹೆಗಲಲ್ಲಿ ಅದೇ ಚೀಲ. ಕಾವಲುಗಾರ ಹೆಬ್ಬಾಗಿಲನ್ನು ಹಾರು ಹೊಡೆದು ತೆರೆದ.

"ಬನ್ನಿ ಯಜಮಾನ್ರೇ. ಇನ್ನು ನಿಮಗೆ ಟಿಕೆಟ್ಟು ಕೇಳೋರು ಯಾರು? ಮುಂದಿನ ಪಂದ್ಯ ಯಾವತ್ತು ಇಡ್ತೀರಿ?"

"ಇನ್ನು ಇಲ್ಲಿ ಆಟ ಇಲ್ಲ," ಅಂದ ದರ್ಜಿ ಮೆಲ್ಲಗೆ. "ಹುಲ್ಲು ಬೆಳೆಯಲಿ. ಯಾರೂ ಕಾಲಿಡೋದು ಬೇಡ."

ತಮಾಷೆ ಇರಬಹುದೆಂದು ಕಾವಲುಗಾರ ಅರ್ಧ ನಕ್ಕ. ದರ್ಜಿ ಚೀಲದೊಳಗೆ ಕೈ ಹಾಕಿ ಹೊರತೆಗೆದದ್ದು ಕತ್ತರಿಯಲ್ಲ. ತುಕ್ಕು ತಿಂದ ದೊಡ್ಡ ಬೀಗ. ಹಾಕಿದ್ದು ಹಾಕಿದ ಹಾಗೇ ಇತ್ತು. ಕಿತ್ತ ಚಿಲಕದ ತುಂಡೊಂದು ಅದಕ್ಕಿನ್ನೂ ನೇತಾಡುತ್ತಿತ್ತು. ಕಾವಲುಗಾರ ಕೀಲಿಗೊಂಚಲನ್ನು ಬೆನ್ನ ಹಿಂದೆ ಸರಿಸಿದ.

"ಮೂರನೇ ಗೇಟಿನದು. ಇದರ ಕೀಲಿ ನಿನ್ನ ಹತ್ರಾನೇ ಇದೆ, ತೆಗೆದು ಹೆಬ್ಬಾಗಿಲಿಗೆ ಹಾಕು," ಅಂದ ದರ್ಜಿ. "ಆದರೆ ಮೊದಲು ನಿನ್ನ ಹೆಂಡತೀನ ಹೊರಗೆ ಎತ್ಕೊಂಡು ಬಾರಪ್ಪ, ನನ್ನ ಮಗ ಒಳಗಿದ್ದಾಗ ಹಾಕಿದ ಹಾಗೆ ಈ ಸಲ ಹಾಕಬೇಡ."