ಓಗೊಡುವ ದಿಬ್ಬ

"ಏನ್ರೀ, ದಿಬ್ಬವೆಲ್ಲ ಹುಲ್ಲಾಯ್ತು. ಇದೊಂದು ತುಂಡು ಯಾರಿಗೆ ಅಂತ ಮೀಸಲಿಟ್ಟಿದ್ದೀರಿ?"

ಹೆಂಡತಿ ಸೊಂಟಕ್ಕೆ ಕೈಯಿಟ್ಟು ಕೇಳಿದಾಗ ಮದ್ದಿನಣ್ಣ ಲಾವಂಚದ ಕಂತೆಗಳಿಗೆ ನೀರು ಚಿಮುಕಿಸುವುದರಲ್ಲೇ ಮುಳುಗಿದವನಂತೆ ನಟಿಸಿದ. ಆಯುಸ್ಸೆಲ್ಲ ಬಂಡೆಗೆ ಮದ್ದು ತುಂಬಿ ಸಿಡಿಸಿದವನು. ಗಣಿ ಮುಚ್ಚಿದ ಮೇಲೆ, ಅಗೆದು ಸುರಿದ ಮಣ್ಣಿನ ದಿಬ್ಬಕ್ಕೆ ಹುಲ್ಲು ನೆಡುವ ಗುಂಪಿನಲ್ಲಿ ಹೆಂಡತಿಯ ಕೈಕೆಳಗೆ ಕೆಲಸ.

"ಅಲ್ಲಿ ಬರೀ ಕಲ್ಲು ಕಣೇ. ಬೇರು ಇಳಿಯಲ್ಲ."

"ಬಂಡೆಗೇ ತೂತು ಕೊರೆದವರಿಗೆ ಇದು ಕಲ್ಲಾಯ್ತಾ? ನೀವು ಹರಡಿದ್ದನ್ನ ನಾನು ಓರಣ ಮಾಡೋದು ಮನೇಲೂ ತಪ್ಪಲಿಲ್ಲ, ಇಲ್ಲೂ ತಪ್ಪಲಿಲ್ಲ." ಅವಳು ಕೆಳಗೆ ಕೈ ತೋರಿಸಿದಳು. ಆ ಬೋಳು ತುಂಡಿನಿಂದ ಉದುರಿದ ಜಲ್ಲಿಮಣ್ಣು ಮಳೆನೀರಿನ ಕಾಲುವೆಯನ್ನು ಅರ್ಧ ತುಂಬಿತ್ತು. ಕಾಲುವೆಯಾಚೆಗೆ ಅವರದೇ ಕೇರಿ. "ಮಳೆ ತಲೆ ಮೇಲಿದೆ. ಇದು ಕಟ್ಟಿಕೊಂಡರೆ ನೀರು ಮೊದಲು ನುಗ್ಗೋದು ನಿಮ್ಮಮ್ಮನ ಮಂಚದ ಕೆಳಗೆ."

"ಅಮ್ಮನಿಗೋಸ್ಕರವೇ ಬಿಟ್ಟಿದ್ದು," ಎಂದುಬಿಟ್ಟ.

ಅವನು ಚಿಕ್ಕವನಿದ್ದಾಗ ಅಲ್ಲಿ ನಿಜವಾದ ಬೆಟ್ಟವಿತ್ತು. ದೀಪ ಹಚ್ಚುವ ಹೊತ್ತಿಗೆ ಅಮ್ಮ ಹಿತ್ತಿಲ ಕಟ್ಟೆಯ ಮೇಲೆ ಕೂತು ದೇವರ ಪದ ಹೇಳುವಳು. ಸಾಲಿನ ಕೊನೆಗೆ 'ಕಾಯೋ' ಎಂದು ಎಳೆದು ನಿಲ್ಲಿಸುವಳು. ಬೆಟ್ಟವೂ 'ಕಾಯೋ' ಅನ್ನುವುದು. ಆಮೇಲೆಯೇ ಮುಂದಿನ ಸಾಲು. "ದೇವರಿಗೆ ಕೇಳಿಸುತ್ತೋ ಬಿಡುತ್ತೋ, ಬೆಟ್ಟಕ್ಕಂತೂ ಕೇಳಿಸುತ್ತೆ," ಎಂದು ನಗುವಳು. ಆ ಬೆಟ್ಟವನ್ನು ಹೊಟ್ಟೆಪಾಡಿಗೆ ಮಗನೇ ಚೂರುಚೂರಾಗಿ ಹಾರಿಸಿದ. ಓಗೊಡುವವರಿಲ್ಲದೆ ಅಮ್ಮ ಪದ ಬಿಟ್ಟಳು. ಸುರಿದ ಮಣ್ಣು ಕಾಲಾಂತರದಲ್ಲಿ ಮನೆಯ ಮಾಡನ್ನು ಮೀರಿ ಬೆಳೆದು, ಗಟ್ಟಿಯಾಗಿ, ಒಂದು ಸಂಜೆ ಅವಳ ಕೆಮ್ಮಿಗೇ ಉತ್ತರ ಕೊಟ್ಟಿತು. ಅಂದಿನಿಂದ ಪದ ಮತ್ತೆ ಶುರು. ಈಗ ಹುಲ್ಲು ಮೇಲೇರಿದಂತೆಲ್ಲ ಆ ದನಿ ಇಂಗಿಹೋಗುತ್ತಿತ್ತು. ಈ ತುಂಡು ಕೊಡುವ ಪಿಸುದನಿಯಷ್ಟೇ ಉಳಿದಿತ್ತು.

"ಒಂದು ಸಲ ಮದ್ದಿಟ್ಟು ಕಿತ್ಕೊಂಡೆ. ಈಗ ಹುಲ್ಲು ನೆಟ್ಟು ಕಿತ್ಕೊಳ್ಳಲಾ?"

ಹೆಂಡತಿ ಹಾರೆ ತಂದು ಅವನ ಕೈಗಿಟ್ಟಳು. "ಪದ ಹೇಳೋಕೆ ಮೊದಲು ಅತ್ತೆ ಇರಬೇಕಲ್ರೀ."

ಅವನು ತೂತು ಕೊರೆದು, ಹುಲ್ಲಿನ ಬುಡವಿಟ್ಟು, ಮದ್ದು ಜಡಿಯುವಂತೆಯೇ ಮಣ್ಣು ಜಡಿದ. ಸಾಲು ಮುಗಿದಾಗಲೆಲ್ಲ ಹಿಂದೆ ಸರಿದು ಕಿವಿ ಮುಚ್ಚಿಕೊಳ್ಳಲು ಕೈ ತಾನಾಗಿಯೇ ಏಳುತ್ತಿತ್ತು. "ಓಡ್ರೀ, ಹುಲ್ಲು ಸಿಡೀತು!" ಎಂದು ಅವಳು ಛೇಡಿಸಿದಳು. ಸಡಿಲಾದ ಮಣ್ಣಿನ ಮೇಲೆ ಇಬ್ಬರೂ ಒಣಹುಲ್ಲು ಹೊದಿಸಿದರು. ಅವಳು ಕಾಲುವೆ ಬಾಚಲು ಕೆಳಗಿಳಿದಳು.

ಅಷ್ಟರಲ್ಲಿ ಕೇರಿಯಿಂದ ಅಮ್ಮನ ದನಿ ಎದ್ದು ಬಂತು. 'ಕಾಯೋ' ಎಂದು ನಿಂತಿತು.

ದಿಬ್ಬ ಸುಮ್ಮನಿತ್ತು. ಅಮ್ಮನೂ ಸುಮ್ಮನೆ ಕಾದಳು. ಕಾಲುವೆಯಲ್ಲಿ ಹೆಂಡತಿಯ ಗುದ್ದಲಿಯೂ ನಿಂತಿತು.

ಮದ್ದಿನಣ್ಣ ಒಣಹುಲ್ಲಿನ ಮೇಲೆ ಮಂಡಿಯೂರಿ, ಎರಡೂ ಅಂಗೈ ಬಾಯಿಗೆ ಹಿಡಿದು, "ಕಾಯೋ…" ಎಂದ. ಕಲ್ಲುಧೂಳು ಕುಡಿದ ಗಂಟಲು. ಕೊನೆಗೊಂದು ಕೆಮ್ಮೂ ಸೇರಿಕೊಂಡಿತು. ತುಸು ತಡೆದು, ಕೆಳಗಿನಿಂದ ಮುಂದಿನ ಸಾಲು ಬಂತು. ಪದ ಮುಗಿಯುವ ತನಕ ಅವನು ಓಗೊಟ್ಟ.

ಮನೆಗೆ ಬಂದಾಗ ಅಮ್ಮ ಕಟ್ಟೆಯ ಮೇಲೇ ಇದ್ದಳು. ಪಕ್ಕದಲ್ಲಿ ತಟ್ಟೆ ಮುಚ್ಚಿಟ್ಟ ಬಿಸಿನೀರಿನ ಲೋಟ.

"ಕುಡಿಯೋ," ಎಂದು ಅವನತ್ತ ಸರಿಸಿದಳು. "ಬೆಟ್ಟಕ್ಕೆ ಕೆಮ್ಮು ಹಿಡಿದಿದೆ. ನಾಳೇದು ಉದ್ದದ ಪದ."