ಸೂಜಿಗಲ್ಲು

ನಂಜನಗೂಡಿನ ಬಸ್ ಸ್ಟ್ಯಾಂಡಿನಲ್ಲಿ ಮತ್ತೆ ವಾಂತಿ ಮಾಡಿಕೊಂಡ ಅಕ್ಕ ಮುದ್ದಮ್ಮನ ಬಾಯಿ ಒರೆಸಲು ಹೋದಾಗ, ಅವಳ ಕತ್ತಿನ ಗಡ್ಡೆಯ ಮೇಲೆ ಬಟ್ಟೆಯಲ್ಲಿ ಬಿಗಿದಿದ್ದ ಸೂಜಿಗಲ್ಲು ದೇವಯ್ಯನ ಕೈಗೆ ತಾಗಿತು. ಕೆಟ್ಟ ರೇಡಿಯೋದಿಂದ ಕಿತ್ತದ್ದು.

“ನೀನೇ ಯೋಳಿದ್ದಲ್ಲಪ್ಪ,” ಎಂದಳು ಮುದ್ದಮ್ಮ, ಕಣ್ಣು ಮುಚ್ಚಿಕೊಂಡೇ. “ನಿಮ್ ಲ್ಯಾಬಲ್ಲಿ ಕ್ಯಾನ್ಸರ್ ಔಸ್ತಿಗೆ ಕಬ್ಬಿಣದ ಪುಡಿ ಸೇರುಸ್ತಾರೆ, ಸೂಜಿಗಲ್ಲು ಇಟ್ರೆ ಅದು ಗಡ್ಡೆ ತಾವ್ಕೇ ಓಯ್ತದೆ, ಮಿಕ್ಕ ಮೈ ಸುಡಾಕಿಲ್ಲ ಅಂತ.”

ಔಷಧಿಯನ್ನೂ ಕಬ್ಬಿಣವನ್ನೂ ತುಂಬಿದ ಆ ಪಾಲಿಮರ್ ಕಣಗಳನ್ನು ಇನ್ನೂ ಇಲಿಗಳಿಗೆ ಮಾತ್ರ ಕೊಟ್ಟು ನೋಡುತ್ತಿದ್ದಾರೆಂದು ಅವನು ಅವತ್ತು ಹೇಳಿರಲಿಲ್ಲ. ಇವತ್ತು ಆಸ್ಪತ್ರೆಯಲ್ಲಿ ಚುಚ್ಚಿದ ಔಷಧಿಯಲ್ಲಿ ಕಬ್ಬಿಣವೇ ಇರಲಿಲ್ಲ. ಬಿಚ್ಚಿಬಿಡೋಣವೆಂದು ಗಂಟು ಸಡಿಲಿಸಿದ.

“ಯಾಕ್ಲಾ, ಜಾಗ ತಪ್ಪಾಗೈತಾ?”

“ಊಂ ಕಣಕ್ಕ, ಒಸಿ ಕೆಳಗಿರ್ಬೇಕು,” ಎಂದ ದೇವಯ್ಯ, ಸೂಜಿಗಲ್ಲನ್ನು ಬೆರಳಗಲ ಸರಿಸಿ ಮತ್ತೆ ಬಿಗಿಯಾಗಿ ಕಟ್ಟಿದ.